ಎಸ್ತೇರಳಿಗೆ ಪಾಠ ಮಾಡುವವರು ಯಾರು?

ನೆರಿಯ
8 ಏಪ್ರಿಲ್ 2024

ಪ್ರೀತಿಯ ಅಮ್ಮನಿಗೆ,

ಕುಳಿತುಕೊಂಡು ಓದಿ. ಒಲೆಯ ಮೇಲೆ ಚಹಾ ಇದ್ದರೆ ಮೊದಲು ಇಳಿಸಿ. ಬರುವ ಜೂನ್‌ನಿಂದ ಮೂರೂ ಮಕ್ಕಳನ್ನು ನಾನು ಶಾಲೆಗೆ ಕಳಿಸುವುದಿಲ್ಲ. ಮನೆಯಲ್ಲಿಯೇ ಕಲಿಸುತ್ತೇನೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಇಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ. ಅದೂ ಅಲ್ಲದೆ ನೀವು ಫೋನಿನಲ್ಲಿ ಅರ್ಧ ಕೇಳಿಯೇ "ಬೇಡ" ಎನ್ನುತ್ತೀರಿ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು.

ಜೀವನ್‌ಗೆ ಬಂಟ್ವಾಳದಿಂದ ಇಲ್ಲಿಗೆ ಲೈನ್‌ಮ್ಯಾನ್ ಆಗಿ ವರ್ಗವಾಗಿ ಒಂಬತ್ತು ತಿಂಗಳಾಯಿತು. ಬಂಟ್ವಾಳದಲ್ಲಿ ಶಾಲೆ ನಡೆದು ಹೋಗುವಷ್ಟು ಹತ್ತಿರ. ಇಲ್ಲಿ ಏಳು ಗಂಟೆಗೆ ಬಸ್ಸು, ಮನೆಗೆ ಬರುವಾಗ ಸಂಜೆ ಐದೂವರೆ. ಕೃಪಾಳಿಗೆ ಐದು ವರ್ಷ, ತಿರುವು ಬಂದ ಕಡೆಯೆಲ್ಲ ವಾಂತಿ. ಒಂಬತ್ತರ ಜೋಯಲ್ ಬ್ಯಾಗನ್ನು ತಬ್ಬಿಕೊಂಡು ನಿದ್ದೆ ಮಾಡುತ್ತಾನೆ. ಹದಿಮೂರರ ಎಸ್ತೇರ್ ಕಿಟಕಿಗೆ ಒರಗಿ ಹೋಂವರ್ಕ್ ಬರೆಯುತ್ತಾಳೆ. ರಾತ್ರಿಯ ಕುಟುಂಬ ಪ್ರಾರ್ಥನೆಗೆ ಕೂತರೆ "ಆಮೆನ್" ಹೇಳಲು ಎಚ್ಚರವಿರುವವಳು ನಾನೊಬ್ಬಳೇ. ನಮ್ಮ ಚರ್ಚಿನ ಸಭೆಯೂ ಬೆಳ್ತಂಗಡಿಯಲ್ಲಿ, ವಾರಕ್ಕೊಂದು ಸಲ ಹೋದರೆ ಹೋದೆವು.

ಬೆಳಗ್ಗೆ ತಲೆ ಹಗುರ ಇರುವಾಗ ಮೊದಲು ಸತ್ಯವೇದದ ಪಾಠ, ಆಮೇಲೆ ಗಣಿತ, ಕನ್ನಡ, ವಿಜ್ಞಾನ. ಇದೇ ನನ್ನ ಆಸೆ. ಎಸ್ತೇರಳಿಗೆ ಮುಕ್ತ ಶಾಲೆಯಿಂದ ಹತ್ತನೆಯ ಪರೀಕ್ಷೆ ಬರೆಯಲು ಆಗುತ್ತದೆ, ವಿಚಾರಿಸಿದ್ದೇನೆ. ಮೂರು ಮಕ್ಕಳಿಗೆ ಮೂರು ವೇಳಾಪಟ್ಟಿ ಹಾಕಿದ್ದೇನೆ, ದಿನಕ್ಕೆ ಇಪ್ಪತ್ತೊಂದು ಪೀರಿಯಡ್. ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಬಣ್ಣದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. ಅದರ ಒಂದು ಪ್ರತಿಯನ್ನು ಇದರೊಂದಿಗೆ ಕಳಿಸಿದ್ದೇನೆ. ನೋಡಿ, ಮೆಚ್ಚಿಕೊಳ್ಳಿ.

ಜೀವನ್ ಒಪ್ಪಿದ್ದಾರೆ, ಆದರೆ ಒಂದು ಷರತ್ತು ಹಾಕಿ. "ಮಾಡು ಮಾರಾಯ್ತಿ. ಸಣ್ಣವರು ಹೇಗೂ ಕಲೀತಾರೆ. ಎಸ್ತೇರ್ ಬೇಡ ಅಂದ ದಿನ ಮಾತ್ರ ನಿಲ್ಲಿಸುವ. ಅವಳನ್ನು ಮೂಡಬಿದ್ರೆಯಲ್ಲಿ ಹಾಸ್ಟೆಲಿಗೆ ಹಾಕುವ" ಎಂದರು. ಅವರು ಹೇಳುವುದರಲ್ಲಿ ನ್ಯಾಯ ಉಂಟು. ಆದರೆ ಅಮ್ಮ, ಅವಳು ನಮ್ಮ ಜೊತೆ ಇರುವುದು ಇನ್ನು ನಾಲ್ಕು ವರ್ಷ. ಆ ನಾಲ್ಕು ವರ್ಷವನ್ನು ಹಾಸ್ಟೆಲಿಗೆ ಕೊಡಲು ನನಗೆ ಮನಸ್ಸಿಲ್ಲ. ಅವಳನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ನಿಮ್ಮ
ಸುಜನಾ

---

ಮೂಡಬಿದ್ರೆ
15 ಏಪ್ರಿಲ್ 2024

ಸುಜನಾ,

ನಿನ್ನ ವೇಳಾಪಟ್ಟಿ ನೋಡಿದೆ. ಬಣ್ಣ ಚೆನ್ನಾಗಿದೆ. ಉಳಿದದ್ದೆಲ್ಲ ತೆಗೆದು ಬಿಸಾಡು.

ಇಪ್ಪತ್ತೊಂದು ಪೀರಿಯಡ್ ಅಂದರೆ ಮೂರು ಶಾಲೆ ಆಯಿತು. ಆ ಮೂರಕ್ಕೂ ನೀನೇ ಟೀಚರ್, ನೀನೇ ಆಯಾ, ನೀನೇ ಬಿಸಿಯೂಟದವಳು. ಜೂನ್ ಹತ್ತರ ಒಳಗೆ ಮಲಗಿಬಿಡುತ್ತಿ. ನಾನು ಇಪ್ಪತ್ತೆಂಟು ವರ್ಷ ಏಕೋಪಾಧ್ಯಾಯ ಶಾಲೆ ನಡೆಸಿದವಳು. ನಾಲ್ಕು ತರಗತಿ, ಮೂವತ್ತೆಂಟು ಮಕ್ಕಳು, ಒಂದು ಕೋಣೆ, ಒಬ್ಬ ಟೀಚರ್. ನನ್ನನ್ನು ಕೇಳದೆ ಗೋಡೆಗೆ ಅಂಟಿಸಿದೆಯಲ್ಲ, ನಿನಗೆ ಧೈರ್ಯ ಎಷ್ಟು.

"ಬೇಡ" ಎನ್ನುತ್ತೇನೆ ಅಂದುಕೊಂಡಿದ್ದೆಯಾ? ನನಗೆ ಎಪ್ಪತ್ತೊಂದು. ನಿವೃತ್ತಿಯಾದ ಮೇಲೆ ಯಾರೂ ನನ್ನ ಹತ್ತಿರ ಪಾಠ ಯೋಜನೆ ಕೇಳಿರಲಿಲ್ಲ. ನಿನ್ನ ಕಾಗದ ಓದಿ ಅಟ್ಟದಿಂದ ಹಳೆಯ ಪಾಠ ಟಿಪ್ಪಣಿಗಳನ್ನೆಲ್ಲ ಇಳಿಸಿದ್ದೇನೆ. ಕೆಳಗಿನ ಮನೆಯ ಜೈನಬಮ್ಮ ಬಂದು, "ಏನು ಟೀಚರ್, ಪುನಃ ಕೆಲಸಕ್ಕೆ ಸೇರಿದ್ರಾ?" ಎಂದು ಕೇಳಿದರು. ಹೌದು ಎಂದೆ.

ಈಗ ಕೇಳು. ಪಾಠ ಒಂದೇ ಇರಬೇಕು. ಹೊರೆ ಮಾತ್ರ ಅವರವರ ಹೆಗಲಿಗೆ ತಕ್ಕಷ್ಟು. ಜಲಪ್ರಳಯದ ಕಥೆ, ನೋಹನ ನಾವೆಯನ್ನು ತೆಗೆದುಕೋ. ಕಥೆ ಮೂವರೂ ಒಟ್ಟಿಗೆ ಕೂತು ಕೇಳಲಿ. ಆಮೇಲೆ ಕೃಪಾ ಪ್ರಾಣಿಗಳನ್ನು ಜೋಡಿಯಾಗಿ ಎಣಿಸಲಿ, ಎರಡರ ಮಗ್ಗಿ ತಾನಾಗಿ ಬರುತ್ತದೆ. ಜೋಯಲ್ ನಾವೆಯ ಉದ್ದ ಅಳೆಯಲಿ, ಮುನ್ನೂರು ಮೊಳ. ಎಸ್ತೇರ್ ಮೊಳವನ್ನು ಮೀಟರಿಗೆ ತಂದು ಘನಫಲ ಹಾಕಲಿ, ನಕ್ಷೆ ಬರೆಯಲಿ. ಒಂದು ಕಥೆಗೆ ಒಂದು ವಾರ. ಗಣಿತ, ವಿಜ್ಞಾನ, ಕನ್ನಡ ಎಲ್ಲ ಅದರೊಳಗೇ ಬರುತ್ತವೆ.

ಇನ್ನೊಂದು ಗುಟ್ಟು. ದೊಡ್ಡವರು ಸಣ್ಣವರಿಗೆ ಕಲಿಸಬೇಕು. ನನ್ನ ಶಾಲೆ ನಡೆದದ್ದೇ ಹಾಗೆ. ನೀನು ಮೂರನೆಯಲ್ಲಿ ಇರುವಾಗಲೇ ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಿದ್ದೆ. ಇನ್ಸ್‌ಪೆಕ್ಟರ್ ಬಂದವರು ಬೆರಗಾಗಿ ಹೋಗಿದ್ದರು. ಎಸ್ತೇರ್ ನಿನ್ನ ಹಾಗೆಯೇ, ಅವಳನ್ನು ಜೊತೆಗೆ ಸೇರಿಸಿಕೋ.

ವರ್ಷದ ಯೋಜನೆ ಬರೆಯಲು ಕೂತಿದ್ದೇನೆ. ಇವತ್ತು ಅಡುಗೆ ನಿನ್ನ ಅಪ್ಪನದ್ದು.

ಅಮ್ಮ

---

ನೆರಿಯ
6 ಮೇ 2024

ಪ್ರೀತಿಯ ಅಮ್ಮನಿಗೆ,

ಜೂನ್ ತನಕ ಕಾಯಲು ಆಗಲಿಲ್ಲ. ನಾವೆಯ ಪಾಠ ಮಾಡಿಯೇ ಬಿಟ್ಟೆವು.

ನಮ್ಮ ಅಂಗಳ ಮೂವತ್ತು ಮೊಳಕ್ಕೇ ಮುಗಿಯಿತು. ಹಾಗಾಗಿ ಪಕ್ಕದ ರುಕ್ಮಯ್ಯನವರ ಖಾಲಿ ಗದ್ದೆಗೆ ಇಳಿದೆವು. ಜೋಯಲ್ ತನ್ನ ಕೈಯಿಂದ ಅಳೆದು ಹಗ್ಗ ಹಿಡಿದುಕೊಂಡು ಹೋದ, ಎಸ್ತೇರ್ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು, ಹತ್ತು ಹತ್ತು ಮೊಳಕ್ಕೆ ನಾನು ಒಂದೊಂದು ಕೋಲು ನೆಟ್ಟೆ. ಹದಿನೈದನೆಯ ಕೋಲಿಗೆ ರುಕ್ಮಯ್ಯ ಓಡಿಕೊಂಡು ಬಂದರು. ಮುಖ ಕೆಂಪಾಗಿತ್ತು.

"ಏನಮ್ಮ ಇದು? ಹೈಟೆನ್ಷನ್ ಲೈನ್ ನನ್ನ ಗದ್ದೆಯಲ್ಲೇ ಹೋಗ್ತದಾ? ಜೀವನಣ್ಣ ನನಗೊಂದು ಮಾತು ಹೇಳ್ಲಿಲ್ಲ."

ಲೈನ್‌ಮ್ಯಾನ್‌ನ ಹೆಂಡತಿ ಗದ್ದೆಯಲ್ಲಿ ಸಾಲಾಗಿ ಕೋಲು ನೆಟ್ಟರೆ ಯಾರು ತಾನೇ ಬೇರೆ ಯೋಚಿಸುತ್ತಾರೆ? "ಇಲ್ಲ ರುಕ್ಮಯ್ಯಣ್ಣ, ಇದು ಹಡಗು" ಎಂದೆ. ಅದಕ್ಕೆ ಅವರಿಗೆ ಇನ್ನೂ ಗಾಬರಿಯಾಯಿತು. ಕಥೆ ಪೂರ್ತಿ ಹೇಳಿದ ಮೇಲೆ ಗದ್ದೆಯ ಬದುವಿನಲ್ಲಿ ಕೂತು ನಗಲು ಶುರು ಮಾಡಿದರು. ಮರುದಿನ ಅವರೇ ಮೊಮ್ಮಗಳು ವಿಸ್ಮಿತಾಳನ್ನು ಕರೆದುಕೊಂಡು ಬಂದು, "ಇವಳಿಗೂ ರಜೆ, ಇವಳೂ ಅಳೆಯಲಿ" ಎಂದರು.

ಎಸ್ತೇರ್ ಲೆಕ್ಕ ಹಾಕಿದಳು. ದೊಡ್ಡವರ ಮೊಳದಲ್ಲಿ ನೂರ ಮೂವತ್ತೈದು ಮೀಟರ್, ಜೋಯಲ್‌ನ ಮೊಳದಲ್ಲಿ ತೊಂಬತ್ತೊಂಬತ್ತು. "ನೀನು ಕಟ್ಟಿದ ನಾವೆಯಲ್ಲಿ ಮೂವತ್ತಾರು ಮೀಟರ್ ಕಡಿಮೆ" ಎಂದಳು. ಜೋಯಲ್, "ಹಾಗಾದ್ರೆ ಆನೆ ಈಜಿಕೊಂಡು ಬರಲಿ" ಎಂದ. ಕೃಪಾಳಿಗೆ ಅಳುವೇ ಬಂತು. ಆನೆಗೆ ಜಾಗ ಮಾಡಿಕೊಡುವ ತನಕ ಊಟ ಮಾಡಲಿಲ್ಲ.

ಅಮ್ಮ, ನನಗೆ ಮೂವತ್ತೊಂಬತ್ತು ವರ್ಷ. ಕೆಲಸಕ್ಕೆ ಹೋಗಲಿಲ್ಲ, ಬಿ.ಎ. ಅರ್ಧಕ್ಕೆ ಬಿಟ್ಟೆ. ನನ್ನಿಂದ ಏನಾದರೂ ಆದೀತು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಮೊನ್ನೆ ಆ ಗದ್ದೆಯ ಮಧ್ಯೆ ನಿಂತು ಈ ಕೆಲಸ ನನಗಾಗಿಯೇ ಇದ್ದದ್ದು ಅನ್ನಿಸಿತು. ವರ್ಷದ ಯೋಜನೆ ಬೇಗ ಕಳಿಸಿ.

ಸುಜನಾ

---

ಮೂಡಬಿದ್ರೆ
20 ಮೇ 2024

ಸುಜನಾ,

ಆನೆಯ ವಿಷಯ ಓದಿ ನಕ್ಕೂ ನಕ್ಕೂ ಕೆಮ್ಮು ಬಂತು. ನಿನ್ನ ಅಪ್ಪ ಅದನ್ನು ಚರ್ಚಿನಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಾರೆ.

ಯೋಜನೆ ಇದರೊಂದಿಗೆ ಇದೆ, ನಲವತ್ತೆರಡು ಪುಟ. ಪುಸ್ತಕದ ಕ್ರಮ ಬಿಟ್ಟು ನಿಮ್ಮ ಊರಿನ ಕ್ರಮ ಹಿಡಿದಿದ್ದೇನೆ. ಜೂನ್‌ನಲ್ಲಿ ಸೃಷ್ಟಿಯ ಕಥೆ, ಹೊರಗೆ ಏನು ಮೊಳೆಯುತ್ತದೋ ಅದೇ ವಿಜ್ಞಾನ. ಗದ್ದೆ ಕೊಯ್ಯುವಾಗ ರೂತಳು ತೆನೆ ಆಯ್ದ ಕಥೆ, ಅವತ್ತು ಮೂವರೂ ರುಕ್ಮಯ್ಯನವರ ಗದ್ದೆಗೆ ಇಳಿಯಲಿ, ಆಯ್ದದ್ದನ್ನು ತೂಗಲಿ. ಕ್ರಿಸ್ಮಸ್ ತಿಂಗಳಲ್ಲಿ ಬೆಳಕು. ನಕ್ಷತ್ರದ ಗೂಡುದೀಪ ಕಟ್ಟಿ ಅದಕ್ಕೆ ವಿದ್ಯುತ್ತಿನ ಪಾಠ ಜೀವನ್ ಮಾಡಲಿ. ಮನೆಯಲ್ಲೇ ಲೈನ್‌ಮ್ಯಾನ್ ಇರುವಾಗ ಪುಸ್ತಕ ಯಾಕೆ?

ಒಂದು ನಿಯಮ. ತಿಂಗಳಿಗೊಮ್ಮೆ ಮಕ್ಕಳು ನನಗೆ ಕಾಗದ ಬರೆಯಬೇಕು. ನೀನು ಓದಬಾರದು, ತಿದ್ದಬಾರದು. ಅದೇ ಅವರ ಕನ್ನಡ ಪರೀಕ್ಷೆ.

ಪ್ರತಿದಿನ ಬೆಳಗ್ಗೆ ನಿಮ್ಮೆಲ್ಲರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಈಚೆಗೆ ಆ ಪ್ರಾರ್ಥನೆಯ ಮಧ್ಯದಲ್ಲೇ ಹೊಸ ಪಾಠ ಹೊಳೆಯುತ್ತದೆ. ದೇವರು ಬೇಸರಿಸಲಿಕ್ಕಿಲ್ಲ.

ಅಮ್ಮ

---

ನೆರಿಯ
17 ಜೂನ್ 2024

ಪ್ರೀತಿಯ ಅಮ್ಮನಿಗೆ,

ಶಾಲೆ ಆರಂಭವಾಗಿ ಹದಿನೈದು ದಿನ. ನಿಲ್ಲಲು ಸಮಯವಿಲ್ಲದೆ ಓಡುತ್ತಿದ್ದೇನೆ. ಕೃಪಾ ಓದುತ್ತಾಳೆ. ನಿಜವಾಗಿ ಓದುತ್ತಾಳೆ. ಬಿಸ್ಕತ್ತಿನ ಪೊಟ್ಟಣ, ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಯಾವುದನ್ನೂ ಬಿಡುವುದಿಲ್ಲ. ಜೋಯಲ್ ಹದಿನೇಳು ಬಗೆಯ ಎಲೆ ಒತ್ತಿಟ್ಟಿದ್ದಾನೆ. ಅವನಿಗೆ ಗೊತ್ತಿಲ್ಲದ ಹೆಸರನ್ನು ವಿಸ್ಮಿತಾಳ ಅಜ್ಜಿ ಸೇಸಮ್ಮ ಹೇಳಿಕೊಡುತ್ತಾರೆ.

ಮಳೆ ಹಿಡಿದ ಮೇಲೆ ಜೀವನ್ ಬೆಳಗ್ಗೆ ಕಂಬ ಹತ್ತಲು ಹೋದವರು ಸಂಜೆಯೇ ಕಾಣಸಿಗುವುದು. ಅಡುಗೆ, ಬಟ್ಟೆ, ಪಾಠ ಎಲ್ಲ ಹೇಗೆ ಸಾಗುತ್ತಿದೆ ಎನ್ನುತ್ತೀರಾ? ನಿಮ್ಮ ಗುಟ್ಟಿನಿಂದ. ಕೃಪಾಳ ಇಡೀ ಬೆಳಗ್ಗೆ ಈಗ ಎಸ್ತೇರಳದ್ದು. ಜೋಯಲ್‌ನ ಗಣಿತವೂ ಅವಳದ್ದೇ. ಒಮ್ಮೆಯೂ ಗೊಣಗುವುದಿಲ್ಲ. ಸಣ್ಣವರು ಅವಳನ್ನು "ಅಕ್ಕ ಟೀಚರ್" ಎಂದೇ ಕರೆಯುತ್ತಾರೆ. ಅವಳಿಲ್ಲದಿದ್ದರೆ ಈ ಶಾಲೆಯೇ ಇಲ್ಲ.

ಮಕ್ಕಳ ಕಾಗದ ಮುಂದಿನ ತಿಂಗಳಿಂದ ಬರುತ್ತದೆ. ನಾನು ಓದುವುದಿಲ್ಲ, ಪ್ರಮಾಣ.

ಸುಜನಾ

---

ನೆರಿಯ
8 ಜುಲೈ 2024

ಪ್ರೀತಿಯ ಅಜ್ಜಿಗೆ ಎಸ್ತೇರ್ ಮಾಡುವ ವಂದನೆಗಳು.

ನಾವೆಲ್ಲ ಕ್ಷೇಮ. ಕೃಪಾಳಿಗೆ ಒತ್ತಕ್ಷರ ಬಂತು. ಜೋಯಲ್‌ಗೆ ಭಾಗಾಕಾರ ಬಂತು. ಎರಡನ್ನೂ ನಾನು ಕಲಿಸಿದೆ.

ಅಜ್ಜಿ, ನೀವು ಟೀಚರ್ ಆದ್ದರಿಂದ ನಿಮ್ಮ ಹತ್ತಿರ ಕೇಳುತ್ತೇನೆ. ಕಳೆದ ವಾರ ನಾನು ಒಂದು ಪಟ್ಟಿ ಮಾಡಿದೆ. ಕೃಪಾಳಿಗೆ ನಾನು ಪಾಠ ಮಾಡಿದ್ದು ಹನ್ನೊಂದು ಗಂಟೆ. ಜೋಯಲ್‌ಗೆ ಆರು ಗಂಟೆ. ಅಮ್ಮ ನನಗೆ ಪಾಠ ಮಾಡಿದ್ದು ನಲವತ್ತು ನಿಮಿಷ. ಬೀಜಗಣಿತದ ಪುಸ್ತಕ ತೆಗೆದುಕೊಂಡು ಹೋದರೆ ಅಮ್ಮ "ಈಗ ಬಂದೆ, ಅಷ್ಟರ ಒಳಗೆ ಕೃಪಾಳನ್ನು ಒಂದು ನೋಡು" ಎನ್ನುತ್ತಾರೆ. ಬಂಟ್ವಾಳದಲ್ಲಿ ನನ್ನ ಜೊತೆ ಇದ್ದವರು ನಾಲ್ಕನೆಯ ಪಾಠದಲ್ಲಿ ಇದ್ದಾರೆ. ನಾನು ಇನ್ನೂ ಮೊದಲನೆಯದರಲ್ಲಿ ಇದ್ದೇನೆ.

ಮೂಡಬಿದ್ರೆಯ ಹಾಸ್ಟೆಲಿಗೆ ಜುಲೈನಲ್ಲಿಯೂ ಸೇರಿಸಿಕೊಳ್ಳುತ್ತಾರಾ? ನನಗೆ ಮನೆ ಬಿಟ್ಟು ಬರಲು ಇಷ್ಟವಿಲ್ಲ. ಆದರೆ ಕಲಿಯಲು ಇಷ್ಟ ಉಂಟು. ದಯವಿಟ್ಟು ಅಮ್ಮನಿಗೆ ಹೇಳಬೇಡಿ. ಅಮ್ಮ ಇಷ್ಟು ಖುಷಿಯಲ್ಲಿ ಇರುವುದನ್ನು ನಾನು ಈ ಮೊದಲು ನೋಡಿಲ್ಲ.

ಇಂತು ನಿಮ್ಮ ಮೊಮ್ಮಗಳು
ಎಸ್ತೇರ್

---

ಮೂಡಬಿದ್ರೆ
15 ಜುಲೈ 2024

ಸುಜನಾ,

ಈ ಕಾಗದ ನಾಲ್ಕು ಸಲ ಬರೆದು ಹರಿದೆ. ಒಂದೇ ಪ್ರಶ್ನೆ ಕೇಳುತ್ತೇನೆ, ಉತ್ತರ ಯೋಚಿಸಿ ಬರೆ.

ಕೃಪಾಳಿಗೆ ಎಸ್ತೇರ್ ಪಾಠ ಮಾಡುತ್ತಾಳೆ. ಜೋಯಲ್‌ಗೆ ಎಸ್ತೇರ್ ಪಾಠ ಮಾಡುತ್ತಾಳೆ. ಎಸ್ತೇರಳಿಗೆ ಪಾಠ ಮಾಡುವವರು ಯಾರು?

ಅಮ್ಮ

---

ನೆರಿಯ
22 ಜುಲೈ 2024

ಅಮ್ಮನಿಗೆ,

ಈ ಪ್ರಶ್ನೆಯನ್ನು ನೀವು ಕೇಳುತ್ತೀರಾ? ನಿಮ್ಮ ಕಾಗದ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಹಾಗೆಯೇ ಬರೆಯುತ್ತೇನೆ, ತಡೆದುಕೊಳ್ಳಿ.

ನಿಮ್ಮ ಶಾಲೆಯಲ್ಲಿ ನಾನು ನಾಲ್ಕು ವರ್ಷ ಕಲಿತೆ ಎಂದು ದಾಖಲೆಯಲ್ಲಿ ಉಂಟು. ಅಲ್ಲಿ ನಿಮ್ಮನ್ನು "ಟೀಚರ್" ಎನ್ನಬೇಕಿತ್ತು, "ನೀವು" ಎನ್ನಬೇಕಿತ್ತು. ಅದೂ ಸರಿ. ಆದರೆ ನೀವು ನನ್ನ ಪಕ್ಕದಲ್ಲಿ ಕೂತು ನನ್ನ ಪಾಠ ಮಾಡಿದ ಒಂದು ದಿನವೂ ನನಗೆ ನೆನಪಿಲ್ಲ. ಟೀಚರ ಮಗಳು, ಹೇಗೂ ಬರುತ್ತದೆ ಎಂದು ನೀವು ಅಂದುಕೊಂಡಿರಿ. ನನ್ನ ಸುತ್ತ ಒಂದನೆಯ ಹತ್ತು ಮಕ್ಕಳು, ಅವರ ಸ್ಲೇಟು, ಅವರ ಮೂಗು. ಐದನೆಯ ತರಗತಿಗೆ ಬಂಟ್ವಾಳಕ್ಕೆ ಹೋದ ಮೇಲೆ ಭಿನ್ನರಾಶಿಯ ಮೊದಲ ಪರೀಕ್ಷೆ. ಇಪ್ಪತ್ತೈದಕ್ಕೆ ನಾಲ್ಕು. ಅಲ್ಲಿಯ ಮೇಷ್ಟ್ರು, "ಪ್ರಫುಲ್ಲಾ ಟೀಚರ ಮಗಳಲ್ವಾ ನೀನು?" ಎಂದು ಎಲ್ಲರ ಎದುರು ಕೇಳಿದರು. ಆ ಪೇಪರಿಗೆ ಅಪ್ಪನ ಸಹಿ ಹಾಕಿಸಿದೆ. ನಿಮಗೆ ತೋರಿಸಲಿಲ್ಲ. ಅಲ್ಲಿಂದ ಗಣಿತ ನನಗೆ ಹತ್ತಲೇ ಇಲ್ಲ.

ಇಷ್ಟು ಬರೆದು ಎಸ್ತೇರಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. ಹದಿನಾಲ್ಕು ಪುಟ ಬರೆದಿದ್ದಾಳೆ. ಆಮೇಲೆ ಎಲ್ಲ ಖಾಲಿ.

ಸಿಟ್ಟು ಅಲ್ಲಿಗೆ ಇಳಿಯಿತು. ಅಮ್ಮ, ನಾನು ಅವಳನ್ನು ಕೃಪಾಳ ಹತ್ತಿರ ಕಳಿಸುತ್ತಿದ್ದದ್ದು ಕೆಲಸ ಹೆಚ್ಚೆಂದು ಅಲ್ಲ. ಅವಳು ಬೀಜಗಣಿತ ಹಿಡಿದುಕೊಂಡು ಬಂದರೆ ನನಗೆ ಭಯವಾಗುತ್ತದೆ. ಎರಡನೆಯ ಲೆಕ್ಕದಲ್ಲೇ ಭಿನ್ನರಾಶಿ ಉಂಟು. ನನಗೆ ಅದು ಬರುವುದಿಲ್ಲ. ಅವಳಿಗೆ ಹೇಳಲು ನಾಚಿಕೆ. ನನ್ನ ಆಟಕ್ಕೆ ಮಗಳ ವರ್ಷ ಹಾಳು ಮಾಡಲಾರೆ. ಹಾಸ್ಟೆಲಿನಲ್ಲಿ ಸೀಟು ಉಂಟಾ ವಿಚಾರಿಸಿ.

ಸುಜನಾ

---

ಮೂಡಬಿದ್ರೆ
27 ಜುಲೈ 2024

ನನ್ನ ಸುಜನಾ,

ಹಾಸ್ಟೆಲಿನಲ್ಲಿ ಸೀಟು ಉಂಟು. ಹೋಗಿ ಕೇಳಿಕೊಂಡು ಬಂದೆ. ಆಗಸ್ಟ್ ಹದಿನೈದರ ತನಕ ತೆಗೆದುಕೊಳ್ಳುತ್ತಾರೆ. ಅದು ಎಸ್ತೇರಳ ತೀರ್ಮಾನ. ಜೀವನ್‌ಗೂ ಹಾಗೆಯೇ ಹೇಳು. ಅಷ್ಟರ ಒಳಗೆ ನನಗೆ ಎರಡು ವಾರ ಕೊಡಿ.

ನೀನು ಬರೆದದ್ದು ಸರಿ. ಸಮರ್ಥನೆ ಹುಡುಕಿದೆ. ಮೂವತ್ತೆಂಟು ಮಕ್ಕಳಿದ್ದರು, ಇಲಾಖೆ ಇನ್ನೊಬ್ಬ ಟೀಚರನ್ನು ಕೊಡಲಿಲ್ಲ, ಎಲ್ಲ ನಿಜವೇ. ಆದರೆ ಇನ್ಸ್‌ಪೆಕ್ಟರ್ ಮೆಚ್ಚಿದ ಆ ಶಾಲೆ ನಿಂತಿದ್ದದ್ದು ಎಂಟು ವರ್ಷದ ಮಗುವಿನ ಹೆಗಲ ಮೇಲೆ. ಮೂವತ್ತೇಳು ಮಕ್ಕಳಿಗೆ ಟೀಚರ್ ಇದ್ದಳು, ನಿನಗೆ ಇರಲಿಲ್ಲ. ನಾನು ನೋಡಲಿಲ್ಲ ಎಂದೂ ಹೇಳಲಾರೆ. ನೋಡಿದೆ, ನೀನು ಅಳುವುದಿಲ್ಲ ಎಂದು ಬಿಟ್ಟುಬಿಟ್ಟೆ. ಕ್ಷಮಿಸು ಮಗಳೇ.

ಈಗ ಕಣ್ಣು ಒರೆಸಿಕೊಂಡು ಕೇಳು, ನನಗೆ ಹೊಸ ಯೋಜನೆ ಹೊಳೆದಿದೆ. ಮೊದಲಿನ ನಲವತ್ತೆರಡು ಪುಟದಲ್ಲಿ ಒಂದು ತಪ್ಪಿತ್ತು. ಅದನ್ನು ತಿದ್ದಿದ್ದೇನೆ. ಪ್ರತಿ ಸೋಮವಾರ ವೇಣೂರು ದಾರಿಯ ಬಸ್ಸು ಹಿಡಿದು ಬೆಳ್ತಂಗಡಿಯಲ್ಲಿ ಇಳಿದು ನಿಮ್ಮಲ್ಲಿಗೆ ಬರುತ್ತೇನೆ, ಬುಧವಾರದ ತನಕ ಇರುತ್ತೇನೆ. ನನಗೆ ಬಸ್ಸಿನಲ್ಲಿ ವಾಂತಿ ಬರುವುದಿಲ್ಲ. ಬೆಳಗ್ಗೆ ಸತ್ಯವೇದದ ಪಾಠ ಎಲ್ಲರಿಗೂ ಒಟ್ಟಿಗೆ, ಅದನ್ನು ನೀನೇ ಮಾಡು, ನಿನ್ನಷ್ಟು ಚೆನ್ನಾಗಿ ನನಗೂ ಬರುವುದಿಲ್ಲ. ಆಮೇಲೆ ಒಂದು ಗಂಟೆ ಕೃಪಾ, ಜೋಯಲ್ ಇಬ್ಬರೂ ಸೇಸಮ್ಮನವರ ಹತ್ತಿರ ಹೋಗಿ ಬೀಜ, ಎಲೆ, ಬೇರು ಕಲಿತುಕೊಂಡು ಬರಲಿ. ಅವರನ್ನು ಕೇಳಿ ಒಪ್ಪಿಸು. ಆ ಒಂದು ಗಂಟೆಯಲ್ಲಿ ಮನೆಯಲ್ಲಿ ಯಾರೂ ಯಾರಿಗೂ ಅಕ್ಕ ಟೀಚರ್ ಆಗಕೂಡದು.

ಜುಲೈ ಇಪ್ಪತ್ತೊಂಬತ್ತು, ಸೋಮವಾರ, ನಾನು ಬಂದು ತಲುಪಿದ ಕೂಡಲೇ ಗಣಿತ ಆರಂಭ. ಈ ಕಾಗದ ತಲುಪುವ ಮೊದಲೇ ನಾನು ತಲುಪಿದರೆ ಬಾಗಿಲು ತೆಗೆ. ತರಗತಿಯಲ್ಲಿ ಇಬ್ಬರು. ಎಸ್ತೇರ್, ಎಂಟನೆಯ ತರಗತಿ. ಸುಜನಾ, ಐದನೆಯ ತರಗತಿ.

ಅಮ್ಮ

---

ನೆರಿಯ
7 ಆಗಸ್ಟ್ 2024

ಪ್ರೀತಿಯ ಪಪ್ಪಾ,

ಬಂಟ್ವಾಳದಲ್ಲಿ ನೆರೆ ಇಳಿಯಿತಾ? ನಿಮ್ಮನ್ನು ಕಂಬ ನಿಲ್ಲಿಸುವ ಕೆಲಸಕ್ಕೆ ಅಲ್ಲಿಗೆ ಕಳಿಸಿ ಒಂಬತ್ತು ದಿನ ಆಯಿತು. ಇಲ್ಲಿ ನೆಟ್‌ವರ್ಕ್ ಇನ್ನೂ ಇಲ್ಲ. ನಿಮ್ಮ ಇಲಾಖೆಯ ಜೀಪು ನಾಳೆ ಆ ಕಡೆ ಹೋಗುತ್ತದಂತೆ, ಅದರಲ್ಲಿ ಇದನ್ನು ಕೊಡುತ್ತಿದ್ದೇನೆ. ಹಾಸ್ಟೆಲ್ ವಿಷಯ ಹದಿನೈದರ ಒಳಗೆ ಹೇಳು ಎಂದು ನೀವು ಹೋಗುವಾಗ ಹೇಳಿದ್ದಿರಿ. ಅದಕ್ಕೆ ಬರೆಯುತ್ತೇನೆ.

ಅಜ್ಜಿ ಎರಡು ವಾರವೂ ಬಂದರು. ಬಹಳ ಜೋರು. ಗೋಡೆಗೆ ಹಲಗೆ ಕಟ್ಟಿ ಅರ್ಧಕ್ಕೆ ಗೆರೆ ಹಾಕಿದ್ದಾರೆ. ಒಂದು ಬದಿ ನನ್ನದು, ಒಂದು ಬದಿ ಅಮ್ಮನದು. ನಾನು ಬೀಜಗಣಿತದಲ್ಲಿ ಮೂರು ಪಾಠ ಮುಗಿಸಿದೆ. ಗೊತ್ತಾಗದ್ದನ್ನು ಅಜ್ಜಿ ನಾಲ್ಕು ಬಗೆಯಲ್ಲಿ ಹೇಳುತ್ತಾರೆ, ಆದರೆ ಉತ್ತರ ಮಾತ್ರ ಹೇಳುವುದಿಲ್ಲ.

ಮೊದಲ ವಾರ ಅಮ್ಮ ತಲೆ ತಗ್ಗಿಸಿ ಬರೆದು, ಕೈಯಿಂದ ಮುಚ್ಚಿಕೊಂಡರು. ನಿನ್ನೆ ಅಮ್ಮ ಒಂದು ಲೆಕ್ಕದಲ್ಲಿ ಬಹಳ ಹೊತ್ತು ನಿಂತುಬಿಟ್ಟರು. ಮೂರನೆಯ ಎರಡು ಭಾಗಕ್ಕೆ ನಾಲ್ಕನೆಯ ಒಂದು ಭಾಗ ಕೂಡಿಸುವುದು. ನನಗೆ ಗೊತ್ತಿತ್ತು. ಹೇಳಿಕೊಡಲು ಅವರ ಕಡೆ ಬಗ್ಗಿದೆ.

"ನೀನು ನಿನ್ನದು ಮಾಡು, ಎಸ್ತೇರ್. ಇದು ನಾನು ಟೀಚರ ಹತ್ತಿರ ಕೇಳ್ತೇನೆ" ಎಂದರು.

ಆಮೇಲೆ ಅಮ್ಮ ಕೈ ಎತ್ತಿದರು. ಪಪ್ಪಾ, ನಾವು ಶಾಲೆಯಲ್ಲಿ ಎತ್ತುವ ಹಾಗೆಯೇ, ಬಲಗೈ ಪೂರ್ತಿ ಮೇಲೆ. ಅಜ್ಜಿ ನನ್ನ ನೋಟ್‌ಬುಕ್ ನೋಡುತ್ತಿದ್ದವರು ಅದನ್ನು ಕೆಳಗಿಟ್ಟು ಎದ್ದು ಹೋಗಿ ಅಮ್ಮನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. "ಎಲ್ಲಿ, ತೋರಿಸು ಮಗ" ಎಂದರು. ಗಂಟೆ ಮುಗಿದು ಕೃಪಾ, ಜೋಯಲ್ ಓಡಿಕೊಂಡು ಬಂದರೂ ಅಜ್ಜಿ, ಅಮ್ಮ ಏಳಲಿಲ್ಲ. ಗಂಜಿ ಬಡಿಸಿದ್ದು ನಾನು.

ಹಾಸ್ಟೆಲಿನವರಿಗೆ ಸೀಟು ಬೇಡ ಎಂದು ಹೇಳಿಬಿಡಿ. ಈ ತರಗತಿಯಲ್ಲಿ ನನಗೆ ಈಗ ಟೀಚರ್ ಇದ್ದಾರೆ, ಅಮ್ಮನಿಗೂ ಇದ್ದಾರೆ. ನಾನು ಇಲ್ಲಿಯೇ ಕಲಿಯುತ್ತೇನೆ.

ನಿಮ್ಮ ಪ್ರೀತಿಯ
ಎಸ್ತೇರ್